ಸ್ಯಾಮ್ ರೈಮಿಯ ಮೂರು ಸ್ಪೈಡರ್‌ಮ್ಯಾನ್ ಚಿತ್ರಗಳು: ಉಳಿದಿರುವುದು ಸಿನಿಮಾವೋ, ನಮ್ಮ ನೆನಪೋ?

ಮಧ್ಯಂತರ:
ಸ್ಯಾಮ್ ರೈಮಿ ನಿರ್ದೇಶಿಸಿದ ಸ್ಪೈಡರ್‌ಮ್ಯಾನ್ ಚಿತ್ರಗಳು 2002, 2004 ಮತ್ತು 2007ರಲ್ಲಿ ತೆರೆಗೆ ಬಂದವು. ಆಮೇಲೆ ಅದೇ ಪಾತ್ರವನ್ನು ಆಂಡ್ರ್ಯೂ ಗಾರ್ಫೀಲ್ಡ್ ಮಾಡಿದರು, ಟಾಮ್ ಹಾಲೆಂಡ್ ಮಾಡಿದರು, ಆನಿಮೇಷನ್ ಚಿತ್ರಗಳೂ ಬಂದು ಹೆಸರು ಮಾಡಿದವು. ಗ್ರಾಫಿಕ್ಸ್ ಎಲ್ಲಿಂದ ಎಲ್ಲಿಗೋ ಹೋಗಿದೆ. ಆದರೂ ಮಾತು ಸುತ್ತಿ ಬಳಸಿ ಆ ಮೂರರಲ್ಲೂ ಸ್ಪೈಡರ್‌ಮ್ಯಾನ್ ಆಗಿದ್ದ ಟೋಬಿ ಮಗ್ವಾಯರ್ ಹತ್ತಿರವೇ ಬಂದು ನಿಲ್ಲುತ್ತದೆ. ಈಚೆಗೆ ಮೂರನ್ನೂ ಒಂದರ ಹಿಂದೊಂದು ಮತ್ತೆ ನೋಡಿದೆ. ನನಗೆ ಹೊಳೆದ ಕಾರಣ ಹೇಳುತ್ತೇನೆ. ಒಪ್ಪದವರು ಬಯ್ಯಬಹುದು.

ಈ ಚಿತ್ರಗಳಲ್ಲಿ ದುಡ್ಡಿನ ಲೆಕ್ಕ ಇದೆ. ಮೊದಲ ಚಿತ್ರದಲ್ಲಿ ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್ ಪಾರ್ಕರ್ ತನ್ನ ಹೊಸ ಶಕ್ತಿಯನ್ನು ದುಡಿಮೆಗೆ ಹಚ್ಚುವುದು ಲೋಕವನ್ನು ಉಳಿಸಲಿಕ್ಕಲ್ಲ, ತಾನು ಮೆಚ್ಚಿದ ಹುಡುಗಿ ಮೇರಿ ಜೇನ್ ಕಣ್ಣಿಗೆ ಬೀಳುವಂಥ ಒಂದು ಕಾರು ಕೊಳ್ಳಲಿಕ್ಕೆ. ಕುಸ್ತಿ ಅಖಾಡದಲ್ಲಿ ಮೂರು ನಿಮಿಷ ನಿಂತರೆ ಮೂರು ಸಾವಿರ ಡಾಲರ್ ಎಂಬ ಜಾಹೀರಾತು ನೋಡಿ ಹೋಗುತ್ತಾನೆ. ಎದುರಾಳಿಯನ್ನು ಎರಡೇ ನಿಮಿಷದಲ್ಲಿ ಕೆಡವಿಬಿಟ್ಟ ಎಂಬ ಕಾರಣ ಹೇಳಿ ಆಯೋಜಕ ನೂರು ಡಾಲರ್ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಆ ಸಿಟ್ಟಿನಲ್ಲಿ ಪೀಟರ್ ಕಳ್ಳನಿಗೆ ದಾರಿ ಬಿಡುತ್ತಾನೆ, ಅದರ ಬೆಲೆಯನ್ನು ಅವನನ್ನು ಸಾಕಿದ ಅಂಕಲ್ ಬೆನ್ ತೆರುತ್ತಾನೆ. ಎರಡನೆಯ ಚಿತ್ರದಲ್ಲಿ ಲೆಕ್ಕ ಇನ್ನೂ ಬಿಗಿ. 29 ನಿಮಿಷದೊಳಗೆ ಪಿಜ್ಜಾ ತಲುಪಿಸದಿದ್ದರೆ ಕೆಲಸ ಹೋಗುತ್ತದೆ ಎನ್ನುತ್ತಾರೆ, ಹೋಗಿಯೇ ಬಿಡುತ್ತದೆ. ಬಾಡಿಗೆ ಬಾಕಿ. ಪತ್ರಿಕೆಯವರು ಫೋಟೊಗೆ ಕೊಟ್ಟ ದುಡ್ಡು ಹಿಂದೆ ಪಡೆದ ಮುಂಗಡಕ್ಕೂ ಸಾಲದು. ಬ್ಯಾಂಕು ಮನೆಯನ್ನೇ ಕಿತ್ತುಕೊಳ್ಳುವ ಹಂತದಲ್ಲಿದ್ದರೂ ಬೆನ್ ಹೆಂಡತಿ ಆಂಟ್ ಮೇ ಹುಟ್ಟುಹಬ್ಬದ ಉಡುಗೊರೆಯೆಂದು 20 ಡಾಲರ್ ತಂದು ಅವನ ಕೈಗೆ ತುರುಕುತ್ತಾಳೆ. ಬೇಡವೆಂದರೆ ಗದರುತ್ತಾಳೆ, ಗದರಿದ ಮರುಕ್ಷಣವೇ ಅಳುತ್ತಾಳೆ. ಅಲ್ಲಿ ಖಳನೂ ಇಲ್ಲ, ಸ್ಫೋಟವೂ ಇಲ್ಲ. ಇಡೀ ಸರಣಿಯಲ್ಲಿ ನಾನು ಉಸಿರು ಬಿಗಿಹಿಡಿದು ನೋಡಿದ್ದು ಅದನ್ನೇ.

ಈಗಿನ ಸೂಪರ್‌ಹೀರೊಗಳಿಗೆ ಬಾಡಿಗೆಯ ತಾಪತ್ರಯವಿಲ್ಲ. ಬೆನ್ನ ಹಿಂದೆ ಕೋಟ್ಯಧಿಪತಿ ಒಬ್ಬ ಇದ್ದೇ ಇರುತ್ತಾನೆ.

ಸಂದೇಹಿ:
ಬಾಲ್ಯದ ಮೋಹಕ್ಕೆ ಅರ್ಥಶಾಸ್ತ್ರದ ಅಂಗಿ ತೊಡಿಸಿದ್ದೀರಿ, ಅಷ್ಟೇ. ಆ ವಯಸ್ಸಿನಲ್ಲಿ ನೋಡಿದ ಯಾವ ಚಿತ್ರವೂ ನಮಗೆ ದೊಡ್ಡದೇ.

2002ರ ಚಿತ್ರವನ್ನು ಈಗಿನ ದೊಡ್ಡ ಟಿವಿಯಲ್ಲಿ ಹಾಕಿ ನೋಡಿ. ಪೀಟರ್ ಮೊದಲ ಬಾರಿಗೆ ಛಾವಣಿಯಿಂದ ಛಾವಣಿಗೆ ಹಾರುವಾಗ ಅಲ್ಲಿರುವುದು ಮನುಷ್ಯನಲ್ಲ, ರಬ್ಬರಿನ ಗೊಂಬೆ. ಮೈಗೆ ತೂಕವೇ ಇಲ್ಲ. ಇದು ಇಂದು ಹೊಸದಾಗಿ ಕಂಡ ದೋಷವೂ ಅಲ್ಲ. ಚಿತ್ರ ಬಂದಾಗಲೇ ವಿಮರ್ಶಕ ರೋಜರ್ ಎಬರ್ಟ್ ಇದೇ ದೂರು ಹೇಳಿದ್ದರು. ಆ ಚಿತ್ರದ ಖಳ ಗ್ರೀನ್ ಗಾಬ್ಲಿನ್ ಮುಖವಾಡದ ಕಥೆ ಇನ್ನೂ ಕೆಟ್ಟದು. ವಿಲೆಮ್ ಡಫೊ ಅವರಂಥ ನಟನನ್ನು ಕರೆತಂದು, ಆ ಮುಖದ ಮೇಲೆ ಅಲುಗಾಡದ ಹಸಿರು ಚಿಪ್ಪು ಕವುಚಿ ಕೂರಿಸಿದರು.

ಇನ್ನು ಕಾಕತಾಳೀಯಗಳು. ಗೆಳೆಯನ ಅಪ್ಪನೇ ಖಳ. ತಾನು ಆರಾಧಿಸುವ ವಿಜ್ಞಾನಿಯೇ ಖಳ. ಆಕಾಶದಿಂದ ಉಲ್ಕೆ ಬಿದ್ದರೆ ಅದೂ ಪೀಟರ್‌ನ ಸ್ಕೂಟರ್ ಪಕ್ಕಕ್ಕೇ ಬೀಳಬೇಕು. ಅಷ್ಟು ದೊಡ್ಡ ನ್ಯೂಯಾರ್ಕ್‌ನಲ್ಲಿ ಹತ್ತೇ ಜನ ವಾಸವಿದ್ದಾರೆಯೇ?

ಕತ್ತರಿಕಾರ:
ಎಬರ್ಟ್ ಅವರ ಹೆಸರು ಎತ್ತಿದ್ದೀರಲ್ಲ, ಪೂರ್ತಿ ಹೇಳಿ. ಅದೇ ಎಬರ್ಟ್ 2004ರ ಎರಡನೆಯ ಚಿತ್ರಕ್ಕೆ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟು, 1978ರ ಸೂಪರ್‌ಮ್ಯಾನ್ ನಂತರ ಬಂದ ಅತ್ಯುತ್ತಮ ಸೂಪರ್‌ಹೀರೊ ಚಿತ್ರ ಇದು ಎಂದು ಬರೆದರು. ನಡುವಿನ ಎರಡು ವರ್ಷಗಳಲ್ಲಿ ಆದದ್ದು ಏನು? ತೂಕ ಬಂತು. ಎರಡನೆಯ ಚಿತ್ರದ ಖಳ ಡಾಕ್ಟರ್ ಆಕ್ಟೋಪಸ್‌ನ ನಾಲ್ಕು ಲೋಹದ ತೋಳುಗಳು ಎಲ್ಲ ಕಡೆಯೂ ಕಂಪ್ಯೂಟರಿನಲ್ಲಿ ಹುಟ್ಟಿದವಲ್ಲ. ಅನೇಕ ದೃಶ್ಯಗಳಲ್ಲಿ ಅವು ನಿಜವಾದ ತೋಳುಗಳು. ಗೊಂಬೆಯಾಟದವರು ಒಂದೊಂದು ತೋಳನ್ನೂ ಹಿಂದಿನಿಂದ ಆಡಿಸುತ್ತಿದ್ದರು, ಆಲ್ಫ್ರೆಡ್ ಮೊಲಿನಾ ಅವುಗಳನ್ನು ಮೈಗೆ ಕಟ್ಟಿಕೊಂಡು ನಟಿಸುತ್ತಿದ್ದರು. ತೋಳೊಂದು ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟುವಂತೆ ತಲೆ ವಾಲಿಸುತ್ತದಲ್ಲ, ಅದನ್ನು ಗಮನಿಸಿ. ನಟನ ಕಣ್ಣು ನೇರವಾಗಿ ಅದರ ಮೇಲೆ ಬೀಳುತ್ತದೆ, ಏಕೆಂದರೆ ನೋಡಲು ಅಲ್ಲೊಂದು ವಸ್ತು ಇದೆ. ಆ ವರ್ಷದ ದೃಶ್ಯ ಪರಿಣಾಮಗಳ ಆಸ್ಕರ್ ಈ ಚಿತ್ರಕ್ಕೇ ಬಂದದ್ದು ಸುಮ್ಮನಲ್ಲ.

ಇನ್ನೊಂದು ಮಾತು. ರೈಮಿ ಮೂಲತಃ ಭಯದ ಚಿತ್ರಗಳ ಕೈ. 1981ರಲ್ಲಿ ದಿ ಈವಿಲ್ ಡೆಡ್ ಮಾಡಿದವರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತೋಳುಗಳು ಎಚ್ಚೆತ್ತು ವೈದ್ಯರನ್ನು ಬಡಿದುಹಾಕುವ ದೃಶ್ಯ ನೋಡಿ. ರಕ್ತ ಕಾಣಿಸುವುದಿಲ್ಲ. ಗೋಡೆಯ ಮೇಲೆ ನೆರಳು, ತೋಳಿನ ಕಣ್ಣಿನಿಂದಲೇ ನೋಡುತ್ತಾ ನುಗ್ಗುವ ಕ್ಯಾಮೆರಾ, ಎಳೆದೊಯ್ಯುವಾಗ ನೆಲಕ್ಕೆ ಉಗುರೂರಿ ಗೀರು ಮೂಡಿಸುವ ದಾದಿ. ಮಕ್ಕಳೂ ನೋಡುವ ಚಿತ್ರದ ನಟ್ಟನಡುವೆ ಪೂರ್ಣಪ್ರಮಾಣದ ಭಯದ ದೃಶ್ಯವೊಂದನ್ನು ಯಾರ ಅಪ್ಪಣೆಯನ್ನೂ ಕೇಳದೆ ಸೇರಿಸಿಬಿಟ್ಟಿದ್ದಾರೆ. ನಿರ್ದೇಶಕನ ಕೈಬರಹ ಅಂದರೆ ಅದು. ಈಗಿನ ಸೂಪರ್‌ಹೀರೊ ಚಿತ್ರಗಳಲ್ಲಿ ನಿರ್ದೇಶಕ ಯಾರೆಂದು ತಿಳಿಯಬೇಕಾದರೆ ಹೆಸರಿನ ಪಟ್ಟಿ ಬರುವವರೆಗೂ ಕಾಯಬೇಕು.

ಮುಖವಾಡದ ಬಗ್ಗೆ ಮಾತ್ರ ನಿಮ್ಮೊಂದಿಗಿದ್ದೇನೆ. ಅದನ್ನು ಸಮರ್ಥಿಸುವ ಧೈರ್ಯ ನನಗಿಲ್ಲ. ಆದರೆ ಡಫೊ ಕನ್ನಡಿಯೊಂದಿಗೆ ಮಾತನಾಡುವ ದೃಶ್ಯದಲ್ಲಿ ಮುಖವಾಡ ಇಲ್ಲ, ಗ್ರಾಫಿಕ್ಸ್ ಇಲ್ಲ. ಒಬ್ಬನೇ ನಟ ಇಬ್ಬರಾಗುತ್ತಾನೆ.

ಪಕ್ಕದ ಆಸನ:
ಶಾಲೆಯ ಊಟದ ಕೋಣೆಯಲ್ಲಿ ಮೇರಿ ಜೇನ್ ಜಾರಿದಾಗ ಪೀಟರ್ ಒಂದು ಕೈಯಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯ ತಟ್ಟೆಯಲ್ಲಿ ಅವಳ ಊಟದ ಸಾಮಾನನ್ನೆಲ್ಲ ಹಿಡಿಯುತ್ತಾನಲ್ಲ, ಅದೂ ಗ್ರಾಫಿಕ್ಸ್ ಅಲ್ಲ. ತಟ್ಟೆಯನ್ನು ಮಗ್ವಾಯರ್ ಕೈಗೆ ಅಂಟಿಸಿ, ಸರಿಯಾಗಿ ಬೀಳುವ ತನಕ ನೂರಕ್ಕೂ ಹೆಚ್ಚು ಬಾರಿ ಚಿತ್ರೀಕರಿಸಿದ್ದರು. ಸಂದೇಹಿ ಅವರೇ, ಅಲ್ಲಿ ತೂಕ ಸಾಕಾಯಿತೇ?

ಗೋಥಮ್ ವಾಸಿ:
ಶಾಶ್ವತ ಸೆಳೆತದ ಮಾತು ಬಂದರೆ ಕ್ರಿಸ್ಟೋಫರ್ ನೋಲನ್ ಅವರ ಬ್ಯಾಟ್‌ಮ್ಯಾನ್ ಚಿತ್ರಗಳನ್ನು ಬಿಟ್ಟು ಚರ್ಚೆ ಹೇಗೆ ನಡೆಯುತ್ತದೆ? 2005, 2008, 2012. ನಡುವಿನ ಚಿತ್ರದಲ್ಲಿ ಜೋಕರ್ ಆಗಿದ್ದ ಹೀತ್ ಲೆಜರ್‌ಗೆ ಮರಣೋತ್ತರ ಆಸ್ಕರ್ ಬಂತು. ಆ ಚಿತ್ರ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ಆರಿಸುವ ಐದರ ಪಟ್ಟಿಯಿಂದ ಹೊರಗುಳಿದಾಗ ಎದ್ದ ಗದ್ದಲದ ನಂತರವೇ ಅಕಾಡೆಮಿ ಪಟ್ಟಿಯನ್ನು ಹತ್ತಕ್ಕೆ ಹಿಗ್ಗಿಸಿತು ಎಂದು ಹಲವರು ಹೇಳುತ್ತಾರೆ. ನಗರದ ಮೇಲೆ ಕಣ್ಗಾವಲು, ಭಯೋತ್ಪಾದನೆ, ಕಾನೂನಿನ ಗಡಿ: ದೊಡ್ಡವರಿಗೆ ಯೋಚಿಸಲು ಅಲ್ಲಿ ಸರಕು ಇದೆ. ರೈಮಿ ಚಿತ್ರಗಳು ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಅವು ಹುಡುಗಾಟಿಕೆಯವು. ಸಂಪಾದಕ ಜೇಮ್ಸನ್ ಬಾಯಿ ತೆರೆದರೆ ಸಾಕು, ವ್ಯಂಗ್ಯಚಿತ್ರ ನೋಡುತ್ತಿದ್ದೇವೆ ಅನ್ನಿಸುತ್ತದೆ.

ಮಧ್ಯಂತರ:
ಅನ್ನಿಸಲೇಬೇಕು! ಅದು ಕಾಮಿಕ್ಸ್‌ನಿಂದ ಬಂದ ಚಿತ್ರ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಆ ಹುಡುಗನನ್ನು ಹುಟ್ಟಿಸಿದಾಗಿನ ಬಣ್ಣ, ಅಬ್ಬರ, ಕಣ್ಣೀರು ಎಲ್ಲವನ್ನೂ ರೈಮಿ ನಾಚಿಕೆಯಿಲ್ಲದೆ ತೆರೆಗೆ ತಂದರು. ಎರಡನೆಯ ಚಿತ್ರದಲ್ಲಿ ಬಾಡಿಗೆಗೆ ಪೀಡಿಸುವ ಮನೆ ಮಾಲೀಕನ ಹೆಸರು ಡಿಟ್ಕೊವಿಚ್. ಕಾಮಿಕ್ಸ್ ಬಲ್ಲವರಿಗೆ ಅಲ್ಲೊಂದು ಕಣ್ಣು ಮಿಟುಕು. ಜೆ.ಕೆ. ಸಿಮನ್ಸ್ ಅವರ ಜೇಮ್ಸನ್ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಹಾಲೆಂಡ್ ಚಿತ್ರಗಳಿಗೂ ಆ ಪಾತ್ರಕ್ಕೆ ಅವರನ್ನೇ ಕರೆತಂದರು.

ನೋಲನ್ ಚಿತ್ರಗಳನ್ನು ನಾನು ಮೆಚ್ಚುತ್ತೇನೆ. ಆದರೆ ಬ್ಯಾಟ್‌ಮ್ಯಾನ್ ವೇಷ ತೊಡುವ ಸಿರಿವಂತ ಬ್ರೂಸ್ ವೇಯ್ನ್ ಬಗ್ಗೆ ನನಗೆ ಭಯವಾಗುವುದಿಲ್ಲ. ಕೆಳಗೆ ಬಿದ್ದರೆ ಹಿಡಿಯಲು ಬಟ್ಲರ್ ಇದ್ದಾನೆ, ಕಾರು ಒಡೆದರೆ ಇನ್ನೊಂದು ಕೊಡಲು ಲೂಸಿಯಸ್ ಫಾಕ್ಸ್ ಇದ್ದಾನೆ.

ಗೋಥಮ್ ವಾಸಿ:
ಮೂರನೆಯ ಚಿತ್ರದಲ್ಲಿ ಅವನು ದಿವಾಳಿಯಾಗುತ್ತಾನೆ, ಬೆನ್ನು ಮುರಿಯುತ್ತದೆ, ಬಟ್ಲರ್ ಆಲ್ಫ್ರೆಡ್ ಬಿಟ್ಟು ಹೋಗುತ್ತಾನೆ. ಇನ್ನೇನು ಕಳೆದುಕೊಳ್ಳಬೇಕಿತ್ತು?

ಮಧ್ಯಂತರ:
ದಿವಾಳಿಯಾದ ಮೇಲೂ ಬಂಗಲೆ ಉಳಿದಿತ್ತು, ಸ್ವಾಮಿ.

ಹೊಸ ಪ್ರೇಕ್ಷಕಿ:
ನೆನಪಿನ ಮೋಹ ಎನ್ನುವವರಿಗೆ ನನ್ನದೊಂದು ತಕರಾರು. ಮೂರನೆಯ ಚಿತ್ರ ಬಂದಾಗ ನನಗೆ ಅಕ್ಷರ ಓದಲೂ ಬರುತ್ತಿರಲಿಲ್ಲ. ಮಗ್ವಾಯರ್ ಅವರನ್ನು ನಾನು ಮೊದಲು ಕಂಡದ್ದು 2021ರ ಡಿಸೆಂಬರ್‌ನಲ್ಲಿ ಬಂದ ನೋ ವೇ ಹೋಮ್ ಚಿತ್ರದಲ್ಲಿ. ಅವರು ತೆರೆಯ ಮೇಲೆ ಬಂದಾಗ ಸುತ್ತಲಿನವರು ಏಕೆ ಅಷ್ಟು ಕೂಗುತ್ತಿದ್ದಾರೆಂದು ಗೊತ್ತಾಗದೆ, ಆಮೇಲೆ ಹುಡುಕಿಕೊಂಡು ಹಳೆಯವನ್ನು ನೋಡಿದೆ. ಅಂದರೆ ನೆನಪು ಮಾಡಿಕೊಳ್ಳಲು ನನ್ನ ಬಳಿ ಏನೂ ಇರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಚಿತ್ರದ ಬೆಂಕಿಯ ದೃಶ್ಯ. ಅಷ್ಟೊತ್ತಿಗೆ ಪೀಟರ್ ಶಕ್ತಿ ಕಳೆದುಕೊಂಡಿದ್ದಾನೆ, ವೇಷವನ್ನು ಕಸದ ತೊಟ್ಟಿಗೆ ಎಸೆದಿದ್ದಾನೆ. ಉರಿಯುವ ಕಟ್ಟಡದೊಳಗೆ ಮಗುವಿದೆಯೆಂದು ತಿಳಿದು ಬರಿಗೈಯಲ್ಲಿ ನುಗ್ಗುತ್ತಾನೆ. ಕೆಮ್ಮುತ್ತಾನೆ, ಎಡವುತ್ತಾನೆ, ಕುಸಿದ ನೆಲದ ಅಂಚಿಗೆ ಜೋತುಬೀಳುತ್ತಾನೆ. ಮೇಲೇಳಲು ಆ ಪುಟ್ಟ ಮಗುವೇ ಕೈ ಕೊಡುತ್ತದೆ. ಹೇಗೋ ಹೊರಗೆ ತಂದ. ಬೇರೆ ಚಿತ್ರವಾಗಿದ್ದರೆ ಇಲ್ಲಿ ವಾದ್ಯಗಳು ಮೊಳಗಿ, ಹೀರೊ ಎಂದರೆ ವೇಷವಲ್ಲ ಮನಸ್ಸು ಎಂದು ಸಾರಿ ಮುಂದಕ್ಕೆ ಹೋಗುತ್ತಿದ್ದರು. ಇಲ್ಲಿ ಅವನು ಉಸಿರು ತಿರುಗಿಸಿಕೊಳ್ಳುತ್ತಿರುವಾಗ, ನಾಲ್ಕನೆಯ ಮಹಡಿಯಲ್ಲಿ ಇನ್ನೊಬ್ಬರು ಸಿಕ್ಕಿಕೊಂಡು ಸತ್ತರು ಎಂಬ ಮಾತು ಅಗ್ನಿಶಾಮಕ ಸಿಬ್ಬಂದಿಯ ಬಾಯಿಂದ ಅವನ ಕಿವಿಗೆ ಬೀಳುತ್ತದೆ. ಶಕ್ತಿ ಇದ್ದಿದ್ದರೆ ಆ ಜೀವವೂ ಉಳಿಯುತ್ತಿತ್ತು. ಯಾರೂ ಅವನನ್ನು ದೂಷಿಸುವುದಿಲ್ಲ, ಯಾರಿಗೂ ಅವನು ಯಾರೆಂದೇ ಗೊತ್ತಿಲ್ಲ.

ಮಧ್ಯಂತರ ಅವರ ಲೆಕ್ಕದ ಮಾತಿಗೆ ಇದನ್ನೂ ಸೇರಿಸಿ. ಹೀರೊ ಆದರೆ ಬಾಡಿಗೆ, ಕಾಲೇಜು, ಪ್ರೀತಿ ಹೋಗುತ್ತದೆ. ಬಿಟ್ಟರೆ ಯಾರದೋ ಜೀವ ಹೋಗುತ್ತದೆ. ಎರಡು ಕಡೆಯೂ ನಷ್ಟವೇ.

ಕತ್ತರಿಕಾರ:
ಸೇರಿಸುವುದಾದರೆ ಬ್ಯಾಂಕಿನ ದೃಶ್ಯವನ್ನೂ ಸೇರಿಸಿ. ಆಂಟ್ ಮೇ ಸಾಲಕ್ಕೆ ಹೋಗುತ್ತಾಳೆ, ಅಧಿಕಾರಿ ನಯವಾಗಿಯೇ ಇಲ್ಲವೆನ್ನುತ್ತಾನೆ. ಹೋಗಲಿ, ಖಾತೆ ತೆರೆದವರಿಗೆ ಕೊಡುವ ಟೋಸ್ಟರ್ ಆದರೂ ಸಿಕ್ಕಿತಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡರೆ, 300 ಡಾಲರ್ ಠೇವಣಿ ಇಟ್ಟವರಿಗೆ ಮಾತ್ರ ಅದು ಎಂದು ಅವನು ತಿದ್ದುತ್ತಾನೆ. ಆ ಹೊತ್ತಿಗೇ ಅದೇ ಬ್ಯಾಂಕಿನ ತಿಜೋರಿಯನ್ನು ಆಕ್ಟೋಪಸ್ ಕಿತ್ತು ಒಗೆಯುತ್ತಾನೆ, ಚಿನ್ನದ ನಾಣ್ಯಗಳು ನೆಲದ ತುಂಬ ಚೆಲ್ಲಾಡುತ್ತವೆ. ಭಾಷಣವಿಲ್ಲ. ಒಂದೇ ಸೂರಿನಡಿ ಟೋಸ್ಟರ್ ಸಿಗದ ಮುದುಕಿ, ಚೆಲ್ಲಾಪಿಲ್ಲಿಯಾದ ಚಿನ್ನ. ಚಿತ್ರಕಥೆಗಾರ ಆಲ್ವಿನ್ ಸಾರ್ಜೆಂಟ್ ಮನುಷ್ಯ ಸಂಬಂಧಗಳ ಕಥೆಗಳನ್ನು ಬರೆದು ಎರಡು ಆಸ್ಕರ್ ಗೆದ್ದವರು. ಸೂಪರ್‌ಹೀರೊ ಚಿತ್ರಕ್ಕೆ ಅಂಥವರನ್ನು ಕರೆಯಬೇಕೆಂದು ಹೊಳೆದದ್ದೇ ಅರ್ಧ ಗೆಲುವು.

ನೀಲಿ ಶಾಯಿ:
ಎಲ್ಲರೂ ಪೀಟರ್‌ನ ಲೆಕ್ಕವನ್ನೇ ಬರೆಯುತ್ತಿದ್ದೀರಿ. ಮೇರಿ ಜೇನ್ ಲೆಕ್ಕ ಬರೆಯುವವರು ಯಾರು? ಮೊದಲ ಚಿತ್ರದಲ್ಲಿ ಅವಳನ್ನು ಸೇತುವೆಯ ಮೇಲಿನಿಂದ ಬೀಳಿಸುತ್ತಾರೆ, ಎರಡನೆಯದರಲ್ಲಿ ನದೀತೀರದ ಪ್ರಯೋಗಶಾಲೆಯಲ್ಲಿ ಸರಪಳಿ ಬಿಗಿಯುತ್ತಾರೆ, ಮೂರನೆಯದರಲ್ಲಿ ಟ್ಯಾಕ್ಸಿ ಸಮೇತ ಬಲೆಯಲ್ಲಿ ನೇತುಹಾಕುತ್ತಾರೆ. ಮೂರು ಚಿತ್ರ, ಮೂರು ಖಳ ಯೋಜನೆ, ಎಲ್ಲದಕ್ಕೂ ಇವಳೇ ಗಾಳದ ಹುಳು. ಕಿರ್ಸ್ಟನ್ ಡನ್ಸ್ಟ್ ಅವರ ಕಂಠ ಆ ಚೀರಾಟದಲ್ಲೇ ಸವೆದುಹೋಗಿರಬೇಕು.

ಇನ್ನೂ ಕಿರಿಕಿರಿಯ ಸಂಗತಿ ಮೊದಲ ಚಿತ್ರದ ಕೊನೆ. ಸ್ಮಶಾನದಲ್ಲಿ ಅವಳು ಬಾಯಿಬಿಟ್ಟು ಪ್ರೀತಿ ಹೇಳಿಕೊಳ್ಳುತ್ತಾಳೆ, ಅವನು ಅವಳ ಒಳಿತಿಗೆಂದು ಬೇಡವೆನ್ನುತ್ತಾನೆ. ಅವಳ ಒಳಿತನ್ನು ತೀರ್ಮಾನಿಸಲು ಅವನು ಯಾರು? ಜನ ಅದನ್ನು ತ್ಯಾಗ ಎಂದು ಕೊಂಡಾಡುತ್ತಾರೆ.

ಹೊಸ ಪ್ರೇಕ್ಷಕಿ:
ನೀಲಿ ಶಾಯಿ ಅವರೇ, ಆ ಪ್ರಶ್ನೆಯನ್ನು ಎರಡನೆಯ ಚಿತ್ರವೇ ಕೇಳುತ್ತದಲ್ಲ? ಕೊನೆಯಲ್ಲಿ ಅವಳು ಮದುವೆಯನ್ನು ಬಿಟ್ಟು ಓಡಿಬಂದು ಅವನ ಬಾಗಿಲಲ್ಲಿ ನಿಂತು, ಅಪಾಯ ಗೊತ್ತಿದ್ದೇ ಬಂದಿದ್ದೇನೆ, ಈ ತೀರ್ಮಾನ ನನ್ನದೂ ಹೌದು ಎಂಬರ್ಥದಲ್ಲಿ ಮಾತನಾಡುತ್ತಾಳೆ.

ನೀಲಿ ಶಾಯಿ:
ಅದನ್ನು ಒಪ್ಪುತ್ತೇನೆ, ಮತ್ತು ಅದರ ಮುಂದಿನ ದೃಶ್ಯ ಇನ್ನೂ ಒಳ್ಳೆಯದು. ಸೈರನ್ ಕೇಳಿಸುತ್ತದೆ, ಅವಳೇ ಹೋಗು ಎನ್ನುತ್ತಾಳೆ, ಅವನು ಕಿಟಕಿಯಿಂದ ಹಾರುತ್ತಾನೆ. ಚಿತ್ರ ಅವನ ಹಾರಾಟದ ಮೇಲೆ ಮುಗಿಯುವುದಿಲ್ಲ. ಮದುವೆಯ ಉಡುಪಿನಲ್ಲಿ ಕಿಟಕಿಯ ಬಳಿ ನಿಂತ ಅವಳ ಮುಖಕ್ಕೆ ಕ್ಯಾಮೆರಾ ವಾಪಸಾಗುತ್ತದೆ, ಅಲ್ಲಿನ ನಗು ನಿಧಾನವಾಗಿ ಕರಗಿ ದಿಗಿಲಾಗುತ್ತದೆ. ತಾನು ಒಪ್ಪಿಕೊಂಡದ್ದು ಏನನ್ನು ಎಂದು ಅವಳಿಗೆ ಆಗ ತಾನೇ ಅರ್ಥವಾಗುತ್ತಿದೆ.

ಮೇರಿ ಜೇನ್ ಬರೀ ಒತ್ತೆಯಾಳು ಎಂದು ನಾನು ಹೇಳುತ್ತಿಲ್ಲ. ಹೋಟೆಲಿನಲ್ಲಿ ಪರಿಚಾರಕಿಯಾಗಿ ಬೈಗುಳ ತಿನ್ನುವ ನಟಿ ಅವಳು. ಮೂರನೆಯ ಚಿತ್ರದಲ್ಲಿ ಬ್ರಾಡ್‌ವೇ ರಂಗಕ್ಕೆ ಹತ್ತುತ್ತಾಳೆ. ಇವಳ ದನಿ ಮೊದಲ ಸಾಲು ದಾಟುವುದಿಲ್ಲ ಎಂದು ಪತ್ರಿಕೆ ಬರೆಯುತ್ತದೆ, ಪಾತ್ರವನ್ನೇ ಕಿತ್ತುಕೊಳ್ಳುತ್ತಾರೆ. ಅವಳು ಆ ನೋವು ತೋಡಿಕೊಂಡರೆ ಪೀಟರ್ ತನ್ನ ಅನುಭವದ ಕಂತೆ ಬಿಚ್ಚುತ್ತಾನೆ: ಸ್ಪೈಡರ್‌ಮ್ಯಾನ್‌ನನ್ನೂ ಹೀಗೇ ಟೀಕಿಸುತ್ತಿದ್ದರು ಎಂದು. ಎಷ್ಟು ಜನ ಗಂಡಸರು ಹೀಗೆ ಸಮಾಧಾನ ಹೇಳುತ್ತಾರೆ! ಆ ಸಂಭಾಷಣೆ ಬರೆದವರಿಗೆ ಮನುಷ್ಯರು ಗೊತ್ತು. ಅಷ್ಟು ಗೊತ್ತಿದ್ದವರೇ ಕೊನೆಗೆ ಅವಳನ್ನು ಟ್ಯಾಕ್ಸಿಯಲ್ಲಿ ನೇತುಹಾಕಿದರಲ್ಲ ಎಂಬುದೇ ನನ್ನ ಸಿಟ್ಟು.

ಸಂದೇಹಿ:
ಮೂರನೆಯ ಚಿತ್ರಕ್ಕೆ ಬಂದಿರಲ್ಲ, ಸಂತೋಷ. ಇಲ್ಲಿಯವರೆಗೆ ಎಲ್ಲರೂ ಜಾಣತನದಿಂದ ಅದನ್ನು ತಪ್ಪಿಸಿಕೊಂಡು ಹೋಗುತ್ತಿದ್ದಿರಿ. ಮೂರರ ಸರಣಿ ಎಂದು ಹೊಗಳಿ, ಉದಾಹರಣೆಗಳನ್ನೆಲ್ಲ ಎರಡನೆಯದರಿಂದ ಎತ್ತುವುದು ಯಾವ ನ್ಯಾಯ? ಮೂರು ಖಳರು, ನಡುವೆ ನೆನಪು ಕಳೆದುಕೊಳ್ಳುವ ಗೆಳೆಯ ಹ್ಯಾರಿ, ಬೀದಿಯಲ್ಲಿ ಸೊಂಟ ಕುಣಿಸುವ ಪೀಟರ್. ಹ್ಯಾರಿಯ ಅಪ್ಪ ಸತ್ತದ್ದು ತನ್ನದೇ ಯಂತ್ರದಿಂದ ಎಂಬ ಸತ್ಯವನ್ನು ಅಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡು, ಚಿತ್ರ ಮುಗಿಯುವ ಹೊತ್ತಿಗೆ ಬಾಯಿಬಿಡುವ ಮನೆಯಾಳು. ಎಲ್ಲಕ್ಕಿಂತ ಮಿಗಿಲಾಗಿ, ಬೆನ್‌ನನ್ನು ಕೊಂದವನು ಆ ಕಳ್ಳನಲ್ಲ, ಮರಳಾಗಿ ಮಾರ್ಪಡುವ ಖಳ ಫ್ಲಿಂಟ್ ಮಾರ್ಕೊ ಎಂದು ಹೊಸದಾಗಿ ಹೇಳಿದರು. ಮೊದಲ ಚಿತ್ರದ ಬುನಾದಿಯನ್ನೇ ಅಗೆದರು. ಕಳ್ಳನನ್ನು ಬಿಟ್ಟದ್ದಕ್ಕೆ ಬೆನ್ ಸತ್ತ ಎಂಬುದಲ್ಲವೇ ಪೀಟರ್‌ನ ಪಾಪ? ಕೊಂದವನೇ ಬೇರೆ ಎಂದಮೇಲೆ ಪಾಪ ಎಲ್ಲಿ ಉಳಿಯಿತು?

ಮರಳು ಗಡಿಯಾರ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಇನ್ನು ಆಗುವುದಿಲ್ಲ. ಮೂರನೆಯ ಚಿತ್ರದ ಪರವಾಗಿ ಮಾತನಾಡಲು ಯಾರಾದರೂ ಬೇಕಲ್ಲ.

ಮೊದಲು ಆ ಪಾಪದ ಪ್ರಶ್ನೆ. ಕೊನೆಯಲ್ಲಿ ಮಾರ್ಕೊ ಅಂದು ನಡೆದದ್ದನ್ನು ಹೇಳುವುದನ್ನು ಸರಿಯಾಗಿ ಕೇಳಿ. ಅವನು ಕಾರು ಕಸಿಯಲು ಬಂದೂಕು ಹಿಡಿದು ಬೆನ್ ಎದುರು ನಿಂತಿದ್ದ. ಬೆನ್ ಶಾಂತವಾಗಿ, ಬಂದೂಕು ಕೆಳಗಿಟ್ಟು ಮನೆಗೆ ಹೋಗು ಎನ್ನುತ್ತಾನೆ. ಆ ಕ್ಷಣಕ್ಕೆ ದುಡ್ಡಿನ ಚೀಲ ಹೊತ್ತ ಜೊತೆಗಾರ ಓಡಿಬಂದು ಇವನ ತೋಳಿಗೆ ಕೈ ಹಾಕುತ್ತಾನೆ, ಗುಂಡು ಹಾರುತ್ತದೆ. ಆ ಜೊತೆಗಾರ ಯಾರು? ಪೀಟರ್ ದಾರಿ ಬಿಟ್ಟುಕೊಟ್ಟ ಅದೇ ಕಳ್ಳ. ಅಖಾಡದಲ್ಲೇ ಅವನನ್ನು ತಡೆದಿದ್ದರೆ ಆ ಕೈ ಮಾರ್ಕೊನ ತೋಳಿನ ಮೇಲೆ ಬೀಳುತ್ತಿರಲಿಲ್ಲ. ಪೀಟರ್‌ನ ಪಾಪ ಹಾಗೆಯೇ ಇದೆ. ಅದಕ್ಕೆ ಇನ್ನೊಬ್ಬ ಪಾಲುದಾರ ಸೇರಿದ್ದಾನೆ, ಅಷ್ಟೇ. ಅದಕ್ಕಾಗಿಯೇ ಕೊನೆಯಲ್ಲಿ ಪೀಟರ್ ಅವನನ್ನು ಹೊಡೆಯುವುದಿಲ್ಲ, ಕ್ಷಮಿಸುತ್ತಾನೆ. ಸೂಪರ್‌ಹೀರೊ ಚಿತ್ರದ ಕೊನೆಯಲ್ಲಿ ಖಳ ಸಾಯದೆ, ಸೆರೆಯಾಗದೆ, ಕ್ಷಮೆ ಪಡೆದು ಗಾಳಿಯಲ್ಲಿ ಮರಳಾಗಿ ತೇಲಿಹೋದದ್ದು ಬೇರೆ ಯಾವ ಚಿತ್ರದಲ್ಲಿ ನೋಡಿದ್ದೀರಿ? ಇನ್ನೊಂದು: ಮಧ್ಯಂತರ ಅವರ ದುಡ್ಡಿನ ಲೆಕ್ಕ ಇಲ್ಲೂ ಇದೆ. ಮಾರ್ಕೊ ಕದಿಯುವುದು ಕಾಯಿಲೆ ಬಿದ್ದ ಮಗಳ ಚಿಕಿತ್ಸೆಗೆ.

ಎರಡನೆಯದು, ಮರಳಿನಿಂದ ಅವನು ಎದ್ದುಬರುವ ದೃಶ್ಯ. ಎರಡು ನಿಮಿಷಕ್ಕೂ ಮೀರಿ ಒಂದು ಮಾತಿಲ್ಲ. ಮೊದಲು ಕಣಗಳು ಉರುಳುತ್ತವೆ, ರಾಶಿಯೊಳಗೆ ಏನೋ ಮಿಸುಕುತ್ತದೆ. ತಲೆ ಇರಬಹುದಾದ ಕಡೆ ಒಂದು ಉಬ್ಬು, ಭುಜ ಇರಬಹುದಾದ ಕಡೆ ಇನ್ನೊಂದು. ಎದ್ದು ನಿಲ್ಲಲು ನೋಡುತ್ತದೆ, ಕುಸಿಯುತ್ತದೆ. ಎದುರಿಗೆ ಮಗಳ ಚಿತ್ರವಿರುವ ಲಾಕೆಟ್ ಬಿದ್ದಿದೆ. ಅದನ್ನು ಎತ್ತಿಕೊಳ್ಳಲು ಕೈ ಚಾಚಿದರೆ ಬೆರಳುಗಳು ಪುಡಿಯಾಗಿ ಉದುರುತ್ತವೆ. ಮತ್ತೆ ಕೂಡಿಸಿಕೊಳ್ಳುತ್ತಾನೆ. ಮುಷ್ಟಿ ಗಟ್ಟಿಯಾಗುವುದು ಯಾರನ್ನೋ ಹೊಡೆಯಲಿಕ್ಕಲ್ಲ, ಆ ಲಾಕೆಟ್ ಹಿಡಿಯಲಿಕ್ಕೆ. ಹಿಂದೆ ಕ್ರಿಸ್ಟೋಫರ್ ಯಂಗ್ ಅವರ ಸಂಗೀತ. 2007ರಲ್ಲಿ ಮಾಡಿದ ಆ ಗ್ರಾಫಿಕ್ಸ್ ಇಂದಿಗೂ ಮಾಸಿಲ್ಲ, ಏಕೆಂದರೆ ಅಲ್ಲಿ ಮರಳು ನಟಿಸುತ್ತಿದೆ. ಸಂದೇಹಿ ಅವರ ದೊಡ್ಡ ಟಿವಿಯಲ್ಲಿ ಇದನ್ನೂ ಹಾಕಿ ನೋಡಲಿ.

ಸಂದೇಹಿ:
ನೋಡಿದ್ದೇನೆ, ಆ ದೃಶ್ಯದ ಬಗ್ಗೆ ತಕರಾರಿಲ್ಲ. ಆದರೆ 139 ನಿಮಿಷಗಳ ಚಿತ್ರವನ್ನು ಎರಡು ನಿಮಿಷಗಳ ಮೇಲೆ ನಿಲ್ಲಿಸಲಾಗದು. ಅದರ ಇನ್ನೊಬ್ಬ ಖಳ ವೆನಮ್ ಕಥೆ ಏನು ಮಾಡೋಣ?

ಕತ್ತರಿಕಾರ:
ವೆನಮ್ ರೈಮಿಗೆ ಬೇಕಿರಲಿಲ್ಲ. ನಿರ್ಮಾಪಕ ಆವಿ ಅರಾಡ್ ಒತ್ತಾಯಿಸಿ ಒಪ್ಪಿಸಿದರು, ಅಭಿಮಾನಿಗಳು ಕೇಳುತ್ತಿದ್ದಾರೆ ಎಂಬ ಕಾರಣಕ್ಕೆ. ತನಗೆ ಒಲವಿಲ್ಲದ ಪಾತ್ರವನ್ನು ತೆರೆಗೆ ತಂದರೆ ಏನಾಗುತ್ತದೆಂಬುದನ್ನು ರೈಮಿ ಆಮೇಲೆ ಬಹಿರಂಗವಾಗಿಯೇ ಹೇಳಿಕೊಂಡರು. ಸಂಕಲನದ ಕಣ್ಣಿನಿಂದ ನೋಡಿದರೆ ಬಿರುಕು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಹುದು. ಮರಳಿನ ಮನುಷ್ಯ, ಹ್ಯಾರಿ, ಕ್ಷಮೆ, ಇದೊಂದು ಚಿತ್ರ. ಉಲ್ಕೆಯ ಜೊತೆ ಬಂದು ಪೀಟರ್‌ನ ಸ್ವಭಾವ ಕೆಡಿಸುವ ಕಪ್ಪು ಉಡುಪು, ಅದು ಮೈಗೇರಿ ವೆನಮ್ ಆಗುವ ಎಡ್ಡಿ ಬ್ರಾಕ್, ಚರ್ಚಿನ ಗಂಟೆ, ಅದು ಇನ್ನೊಂದು. ಎರಡನ್ನೂ ಒಂದೇ ರೀಲಿಗೆ ಸುತ್ತಿದ್ದಾರೆ. ವಿಚಿತ್ರವೆಂದರೆ ಮೂರರಲ್ಲೂ ಹೆಚ್ಚು ಗಳಿಸಿದ್ದು ಅದೇ, ಹತ್ತಿರ ಹತ್ತಿರ 90 ಕೋಟಿ ಡಾಲರ್. ಅಷ್ಟು ಗಳಿಸಿದರೂ ನಾಲ್ಕನೆಯದು ಆಗಲಿಲ್ಲ. ಚಿತ್ರಕಥೆ ಕೂಡಿಬರಲಿಲ್ಲ, ಬಿಡುಗಡೆಯ ದಿನಾಂಕಕ್ಕೆ ಒಳ್ಳೆಯ ಚಿತ್ರ ಕೊಡಲಾರೆ ಎಂದು ರೈಮಿ ಹಿಂದೆ ಸರಿದರು, 2010ರ ಜನವರಿಯಲ್ಲಿ ಸ್ಟುಡಿಯೊ ಅದನ್ನು ಕೈಬಿಟ್ಟಿತು.

ಪಕ್ಕದ ಆಸನ:
ಬೀದಿಯ ಕುಣಿತದ ಬಗ್ಗೆ ಯಾರೂ ಹೇಳಲಿಲ್ಲ. ಅದು ತಮಾಷೆಯೆಂದು ಗೊತ್ತಾಗದೆ ಬಯ್ಯುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಪುಸ್ತಕದ ಹುಳುವಿನಂಥ ಹುಡುಗನಿಗೆ ಸೊಕ್ಕು ಬಂದರೆ ಹೇಗಿರುತ್ತಾನೆ? ಸೊಕ್ಕು ಎಂದರೆ ಹೀಗಿರಬೇಕು ಎಂದು ಅವನು ಊಹಿಸಿಕೊಂಡಂತೆ ಇರುತ್ತಾನೆ. ದಾರಿಯಲ್ಲಿ ಹೋಗುವ ಹೆಂಗಸರು ಮುಖ ಸಿಂಡರಿಸಿಕೊಂಡು ಹೋಗುವುದನ್ನು ಕ್ಯಾಮೆರಾ ತೋರಿಸುತ್ತದೆ.

ನೀಲಿ ಶಾಯಿ:
ಅದಕ್ಕಿಂತ ಮುಂಚಿನ ಒಂದು ಸಂಗತಿ ನನಗೆ ಹೆಚ್ಚು ಮುಖ್ಯ. ಕಪ್ಪು ಉಡುಪು ಮೈಗೇರುವ ಮುನ್ನವೇ ಅವನು ಕೆಟ್ಟಿದ್ದಾನೆ. ನಗರ ಅವನನ್ನು ಸನ್ಮಾನಿಸುವ ದಿನ ಜನರ ಎದುರಿಗೆ ತಲೆಕೆಳಗಾಗಿ ಇಳಿದು ಗ್ವೆನ್ ಎಂಬ ಸಹಪಾಠಿಗೆ ಮುತ್ತು ಕೊಡಲು ಬಿಡುತ್ತಾನೆ. ಮಳೆಯಲ್ಲಿ ಮೇರಿ ಜೇನ್‌ಗೆ ಸಿಕ್ಕಿದ್ದ ಅದೇ ಮುತ್ತು. ಅವಳು ಗುಂಪಿನಲ್ಲಿ ನಿಂತು ನೋಡುತ್ತಿದ್ದಾಳೆ. ಉಲ್ಕೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಇದು ಅವನದೇ ಅಹಂಕಾರ.

ಮಧ್ಯಂತರ:
ಚೆನ್ನಾಗಿ ಹಿಡಿದಿರಿ. ಮೂರನೆಯದರಲ್ಲಿ ಮನೆ ಮಾಲೀಕನ ಮೇಲೆ ಅವನು ಹಾರಿಬೀಳುವುದೂ ಅದೇ ಸಾಲಿಗೆ ಸೇರುತ್ತದೆ. ಬಾಡಿಗೆ ಕೇಳಲು ಬಂದವನ ಮುಖಕ್ಕೆ ಕಿರುಚಿ ಬಾಗಿಲು ಹಾಕುತ್ತಾನೆ. ಎರಡು ಚಿತ್ರಗಳುದ್ದಕ್ಕೂ ಬಾಡಿಗೆಗಾಗಿ ಪೀಡಿಸಿದ ಡಿಟ್ಕೊವಿಚ್ ತಿರುಗಿ ಬಯ್ಯಬಹುದಿತ್ತು. ಅವನು ಮಗಳ ಕಡೆ ತಿರುಗಿ, ಒಳ್ಳೆಯ ಹುಡುಗ, ಏನೋ ಕಷ್ಟದಲ್ಲಿ ಸಿಕ್ಕಿಕೊಂಡಿರಬೇಕು ಎನ್ನುತ್ತಾನೆ. ಈ ಚಿತ್ರಗಳಲ್ಲಿ ಬೀದಿಯ ಜನರಿಗೂ ಒಂದೊಂದು ಮನಸ್ಸಿದೆ. ಎರಡನೆಯದರಲ್ಲಿ ರೈಲು ನಿಲ್ಲಿಸಿ ಎಚ್ಚರ ತಪ್ಪಿದವನನ್ನು ಪ್ರಯಾಣಿಕರು ತಲೆಯ ಮೇಲೆ ಹೊತ್ತು ಒಳಗೆ ತಂದು ಮಲಗಿಸುತ್ತಾರೆ, ಮುಖವಾಡವಿಲ್ಲದ ಮುಖ ನೋಡಿ ಇವನಿನ್ನೂ ಹುಡುಗ ಎಂದು ಬೆರಗಾಗುತ್ತಾರೆ, ಇಬ್ಬರು ಪೋರರು ಮುಖವಾಡ ತಂದು ಕೊಟ್ಟು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡುತ್ತಾರೆ.

ಗೋಥಮ್ ವಾಸಿ:
ಆ ರೈಲು ಓಡಿದ್ದು ಷಿಕಾಗೊದಲ್ಲಿ, ನೆನಪಿರಲಿ. ನ್ಯೂಯಾರ್ಕ್ ಎಂದು ತೋರಿಸಿದ್ದಾರೆ, ಚಿತ್ರೀಕರಿಸಿದ್ದು ಷಿಕಾಗೊದ ಎತ್ತರಿಸಿದ ರೈಲುಮಾರ್ಗದಲ್ಲಿ. ಬ್ಯಾಟ್‌ಮ್ಯಾನ್ ಊರಾದ ನಮ್ಮ ಗೋಥಮ್‌ಗೂ ಅದೇ ಊರು. ಅಷ್ಟರಮಟ್ಟಿಗೆ ನಾವು ನೆಂಟರು.

ಆ ದೃಶ್ಯಕ್ಕೆ ಪ್ರತಿಯಾಗಿ ನಮ್ಮಲ್ಲಿ ಎರಡು ಹಡಗುಗಳ ದೃಶ್ಯವಿದೆ: ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ನಾಗರಿಕರು, ಇಬ್ಬರ ಕೈಯಲ್ಲೂ ಇನ್ನೊಂದು ಹಡಗನ್ನು ಉಡಾಯಿಸುವ ಗುಂಡಿ. ಅಲ್ಲಿಯೂ ಜನ ಒಳ್ಳೆಯವರಾಗಿಯೇ ಉಳಿಯುತ್ತಾರೆ. ಆದರೆ ನಿಜ ಹೇಳುತ್ತೇನೆ, ಅದೊಂದು ಪ್ರಯೋಗ. ರೈಲಿನಲ್ಲಿರುವವರಿಗೆ ಯಾವ ಪರೀಕ್ಷೆಯೂ ಇಲ್ಲ, ಸುಮ್ಮನೆ ಕೈ ಚಾಚುತ್ತಾರೆ.

ಕತ್ತರಿಕಾರ:
ಅದಕ್ಕೂ ಹಿನ್ನೆಲೆ ಇದೆ. ಮೊದಲ ಚಿತ್ರದ ತಯಾರಿ ನಡೆಯುತ್ತಿದ್ದಾಗಲೇ 2001ರ ಸೆಪ್ಟೆಂಬರ್ 11ರ ದಾಳಿಯಾಯಿತು. ವಿಶ್ವ ವಾಣಿಜ್ಯ ಕೇಂದ್ರದ ಎರಡು ಗೋಪುರಗಳ ನಡುವೆ ನೇಯ್ದ ಬಲೆಯಲ್ಲಿ ದರೋಡೆಕೋರರ ಹೆಲಿಕಾಪ್ಟರ್ ಸಿಕ್ಕಿಬೀಳುವ ಟೀಸರ್ ಅದಾಗಲೇ ಬಿಡುಗಡೆಯಾಗಿತ್ತು. ಅದನ್ನು ತಕ್ಷಣ ಹಿಂತೆಗೆದುಕೊಂಡರು. ಆಮೇಲೆ ಚಿತ್ರಕ್ಕೆ ಹೊಸದಾಗಿ ಸೇರಿದ್ದು ಸೇತುವೆಯ ಮೇಲಿನ ಜನ ಗಾಬ್ಲಿನ್‌ಗೆ ಕೈಗೆ ಸಿಕ್ಕದ್ದನ್ನೆಲ್ಲ ಎಸೆದು ಸ್ಪೈಡರ್‌ಮ್ಯಾನ್ ಪರ ನಿಲ್ಲುವ ತುಣುಕು. 2002ರ ಮೇ ತಿಂಗಳಲ್ಲಿ ಆ ಚಿತ್ರ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೇ 10 ಕೋಟಿ ಡಾಲರ್ ದಾಟಿತು, ಹಾಗೆ ದಾಟಿದ ಮೊದಲ ಚಿತ್ರ ಅದು. ಜನ ಬರೀ ಜೇಡದ ವೇಷ ನೋಡಲು ಹೋಗಿದ್ದರೆಂದು ನನಗನ್ನಿಸುವುದಿಲ್ಲ.

ಸಂದೇಹಿ:
ಸರಿ, ಎರಡನೆಯದು ನೆನಪಿನ ಬಲವಿಲ್ಲದೆಯೂ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಮೂರನೆಯದಕ್ಕೆ ಮರಳು ಗಡಿಯಾರ ಅವರ ವಕಾಲತ್ತು ಚೆನ್ನಾಗಿದೆ, ಕಕ್ಷಿದಾರನೇ ಕೈಕೊಟ್ಟಿದ್ದಾನೆ. ಮೊದಲನೆಯದರ ಗೊಂಬೆಯ ವಿಷಯದಲ್ಲಿ ನಾನು ಒಂದಿಂಚೂ ಕದಲುವುದಿಲ್ಲ.

ಮರಳು ಗಡಿಯಾರ:
ಕದಲಬೇಡಿ. ಡಫೊ ನಗುವನ್ನು ಆ ಮುಖವಾಡದ ಹಿಂದಿನಿಂದಲೂ ಕೇಳಿಸಿಕೊಂಡಿದ್ದೀರಲ್ಲ, ನನಗೆ ಅಷ್ಟು ಸಾಕು.

ಹೊಸ ಪ್ರೇಕ್ಷಕಿ:
ಚರ್ಚೆ ಓದಿ ಎರಡನೆಯದನ್ನು ಇನ್ನೊಮ್ಮೆ ನೋಡುವ ಮನಸ್ಸಾಗಿದೆ. 2.1 ಎಂಬ ಉದ್ದದ ಆವೃತ್ತಿಯೂ ಒಂದಿದೆಯಂತೆ. ಯಾವುದನ್ನು ನೋಡಲಿ?

ಕತ್ತರಿಕಾರ:
2007ರಲ್ಲಿ ಬಂದ ಆವೃತ್ತಿ ಅದು, ಸುಮಾರು ಎಂಟು ನಿಮಿಷ ಹೆಚ್ಚಿದೆ. ಹೊಡೆದಾಟಗಳು ಸ್ವಲ್ಪ ಉದ್ದ, ಜೊತೆಗೆ ಕಸದಿಂದ ಸಿಕ್ಕ ಸ್ಪೈಡರ್‌ಮ್ಯಾನ್ ವೇಷವನ್ನು ಜೇಮ್ಸನ್ ತಾನೇ ತೊಟ್ಟು ಕಚೇರಿಯ ಮೇಜಿನ ಮೇಲೆ ಕುಣಿಯುವ ತುಣುಕೂ ಇದೆ. ಸಿಮನ್ಸ್ ಅಭಿಮಾನಿಗಳು ಅದಕ್ಕಾಗಿಯೇ ನೋಡಬಹುದು. ಆದರೆ ಲಿಫ್ಟ್ ದೃಶ್ಯವನ್ನು ಅಲ್ಲಿ ಬದಲಿಸಿ ಮಾತು ತುಂಬಿದ್ದಾರೆ. ಮೂಲದಲ್ಲಿ ಶಕ್ತಿ ಕೈಕೊಟ್ಟ ಸ್ಪೈಡರ್‌ಮ್ಯಾನ್ ಅಪರಿಚಿತನೊಬ್ಬನ ಪಕ್ಕ ಲಿಫ್ಟಿನಲ್ಲಿ ನಿಂತು, ಈ ಬಟ್ಟೆ ಸ್ವಲ್ಪ ಕೆರೆಯುತ್ತದೆ ಎಂದು ಒಪ್ಪಿಕೊಂಡು, ಮತ್ತೆ ಇಬ್ಬರೂ ಬಾಗಿಲು ನೋಡುತ್ತಾ ಸುಮ್ಮನೆ ನಿಲ್ಲುತ್ತಾರೆ. ಆ ಮೌನಕ್ಕೆ ಕತ್ತರಿ ಹಾಕಿದವರನ್ನು ನಾನಿನ್ನೂ ಕ್ಷಮಿಸಿಲ್ಲ. ಮೂಲವನ್ನೇ ನೋಡಿ.